ಪೆನ್ಸಿಲ್ ಮಾತ್ರ

ಪೆನ್ನುಗಳನ್ನೆಲ್ಲ ಬಾಗಿಲಲ್ಲೇ ಇಸಿದುಕೊಂಡರು.
ಬಿಸ್ಕತ್ತಿನ ಹಳೇ ಡಬ್ಬಿಯೊಂದರಲ್ಲಿ
ಹದಿನಾಲ್ಕು ಜನ ಮೇಷ್ಟರ ಹದಿನಾಲ್ಕು ಪೆನ್ನು
ಒಂದರ ಮೇಲೊಂದು ಮಲಗಿದವು.
ನಮಗೆ ಸಿಕ್ಕಿದ್ದು ತಲೆಗೊಂದು ಮೋಟು ಪೆನ್ಸಿಲ್ಲು,
ಒಂದನೇ ತರಗತಿಗೆ ಮರಳಿ ಸೇರಿಸಿದ ಹಾಗೆ.

ಡಂಡೀ. ನವೆಂಬರಿನ ಶನಿವಾರ.
ಟೇ ನದಿಯ ಮಂಜು ಮೆಟ್ಟಿಲಿಳಿದು ಬಂದು
ದಾಖಲೆ ಕಚೇರಿಯ ನೆಲಮಾಳಿಗೆಯ ಕಿಟಕಿಗೆ
ಮೂಗೊತ್ತಿ ನಿಂತಿತ್ತು. ಒಳಗೆ ಹೀಟರಿನ ಗೊರಕೆ.
ತರಬೇತಿಗೆ ಬಂದರೆ ಅರ್ಧ ದಿನದ ರಜೆ ಜಮೆ;
ಸುಳ್ಳೇಕೆ, ನಾನು ಬಂದದ್ದು ಅದಕ್ಕೇ.

ಇಷ್‌ಬೆಲ್ ಗೆಡ್ಡಿಸ್ ಎಂಬಾಕೆ, ಎಪ್ಪತ್ತರ ಹತ್ತಿರ,
ಹಸುಗೂಸನ್ನು ತೊಟ್ಟಿಲಿಗಿಳಿಸುವಂತೆ
ಸ್ಪಂಜಿನ ದಿಂಬಿನ ಮೇಲೊಂದು ಪುಸ್ತಕ ಇಳಿಸಿದರು:
ಸೆಣಬಿನ ಗಿರಣಿಯೊಂದರ ಸಂಬಳದ ವಹಿ.
"ಕಂಡದ್ದು ಹೇಳಿ. ಅಂದುಕೊಂಡದ್ದು ಆಮೇಲೆ."
ಅಷ್ಟೇ. ಬೇರೆ ಭಾಷಣವಿಲ್ಲ.

ನಾವೋ ಮೇಷ್ಟರು,
ಪ್ರಶ್ನೆ ಮುಗಿಯುವ ಮೊದಲೇ ಬಾಯಲ್ಲಿ ಉತ್ತರ.
"ಶೋಷಣೆ" ಎಂದಳು ರೋನಾ ಪೆಟ್ರಿ.
"ಎಲ್ಲಿದೆ? ಬೆರಳಿಟ್ಟು ತೋರಿಸಿ."
"ಬಡತನ" ಎಂದೆ ನಾನು, ಇಪ್ಪತ್ತೆರಡು ವರ್ಷ
ಗಿರಣಿಗಳನ್ನು ಮೂರೇ ಪ್ಯಾರಾದಲ್ಲಿ ಕಟ್ಟಿ, ಮುಚ್ಚಿ,
ಪರೀಕ್ಷೆಗೆ ಬರೆಸಿದವನು.
"ಅದು ನಿಮ್ಮ ಪಾಠಪುಸ್ತಕದಲ್ಲಿದೆ. ಇಲ್ಲೇನಿದೆ?"

ಇಲ್ಲಿ ಗೆರೆ. ಕೆಂಪು ಗೆರೆ, ನೀಲಿ ಗೆರೆ.
ಕಂದಿಗೆ ತಿರುಗಿದ ಶಾಯಿ.
ಎಣ್ಣೆಯದೊಂದು ಕಲೆ, ನಾಲ್ಕು ಹಾಳೆ ಕೆಳಗಿನವರೆಗೂ ಇಳಿದದ್ದು.
ಹೆಸರು. ವಯಸ್ಸು. ವಾರದ ಕೂಲಿ. ದಂಡ.
ಜೆಸ್ಸಿ ಲೌನಿ, ಹತ್ತು ವರ್ಷ, ಅರ್ಧ ದಿನ ಶಾಲೆ ಅರ್ಧ ದಿನ ಮಗ್ಗ,
ದಂಡ ಎರಡು ಪೆನ್ನಿ.
ಕಾರಣದ ಕಲಮಿನಲ್ಲಿ ಒಂದೇ ಮಾತು:
ನಗು.

ಹೀಟರು ಕೂಡ ಆಗ ಉಸಿರು ಹಿಡಿಯಿತು
ಎಂದು ಬರೆಯಬಹುದಿತ್ತು.
ಅದು ಕಂಡದ್ದಲ್ಲ, ಅಂದುಕೊಂಡದ್ದು.
ಹೀಟರು ಗೊರೆಯುತ್ತಲೇ ಇತ್ತು.

ಭೌತಶಾಸ್ತ್ರದ ಫರ್ಗಸ್ ಮುಡ್ಡೀ,
ಯಾವುದೋ ಫಾರಂ ತಪ್ಪಿ ತುಂಬಿ ನಮ್ಮ ನಡುವೆ ಬಂದು ಬಿದ್ದವನು,
ಇತಿಹಾಸಕ್ಕೂ ಅವನಿಗೂ ಎಣ್ಣೆ ಸೀಗೆಕಾಯಿ,
ಮೇಜುದೀಪವನ್ನು ಹಾಳೆಯ ಮಟ್ಟಕ್ಕೆ ಬಗ್ಗಿಸಿ ಅಂದ:
"ಇಲ್ಲಿ ಕಾಗದ ಕೆರೆದಿದ್ದಾರೆ.
ಹತ್ತರ ಅಡಿಯಲ್ಲಿ ಬೇರೊಂದು ಅಂಕಿಯ ಬಾಲವಿದೆ."

ಇಷ್‌ಬೆಲ್ ಕನ್ನಡಕ ಏರಿಸಿ ಬಗ್ಗಿದವರು
ಏಳಲೇ ಇಲ್ಲ, ತುಂಬಾ ಹೊತ್ತು.
ಎದ್ದಾಗ ಕಿವಿ ಕೆಂಪಾಗಿತ್ತು.
"ಮೂವತ್ತು ವರ್ಷ ಇದೇ ಪುಟ ತೆರೆದು ತೋರಿಸಿದ್ದೇನೆ,
ನೋಡಿರಲಿಲ್ಲ."

ಕೆರೆದವರಾರು? ಗುಮಾಸ್ತನೇ,
ಹತ್ತಕ್ಕೆ ಕಡಿಮೆಯಾದರೆ ಕಾನೂನು ಬಿಡದೆಂದು?
ಅವ್ವ ಬಂದು ಗೋಗರೆದಳೇ?
ಜೆಸ್ಸಿಯ ಹುಟ್ಟುಹಬ್ಬ ಆ ವಾರವೇ ಬಂದಿತ್ತೇ?
ಕೈ ತಪ್ಪಿತ್ತೇ, ಬರಿದೇ?
ಎಲ್ಲವನ್ನೂ ಹಲಗೆಗೆ ಹತ್ತಿಸಿ ಇಷ್‌ಬೆಲ್
ಪ್ರತಿಯೊಂದರ ಹಿಂದೆ 'ಬಹುಶಃ' ಎಂದು ಬರೆದರು.
ಆ ಪದವನ್ನು ಮಕ್ಕಳ ಉತ್ತರಗಳಲ್ಲಿ
ಎಷ್ಟು ಸಲ ಹೊಡೆದುಹಾಕಿದೆನೋ ನಾನು,
ಕೆಂಪು ಪೆನ್ನಿನಲ್ಲಿ, ಅಡ್ಡಡ್ಡ.

ಸೋಮವಾರ ಆ ಪುಟದ ನಕಲು ಹಂಚಿದೆ.
ನಕಲಿನಲ್ಲಿ ಕೆರೆದ ಗುರುತು ಬಿದ್ದಿರಲಿಲ್ಲ,
ಯಂತ್ರಕ್ಕೆ ಹತ್ತು ಅಂದರೆ ಹತ್ತು.
ಹೇಳಲೋ ಬೇಡವೋ ಅನ್ನುವಷ್ಟರಲ್ಲಿ
ಹಿಂದಿನ ಬೆಂಚಿನ ಅಗಾಟಾ ವ್ರೂಬೆಲ್,
ಪೋಲೆಂಡಿನಿಂದ ಬಂದು ಎಂಟು ತಿಂಗಳು,
ತರಗತಿಯಲ್ಲಿ ಈವರೆಗೆ ಬಾಯಿ ಬಿಡದವಳು,
ಕೈ ಎತ್ತಿದಳು:
"ಸಾರ್, ಯಾವುದಕ್ಕೆ ನಕ್ಕಳು?"

ಗಂಟೆ ಹೊಡೆಯಿತು. ಯಾರೂ ಏಳಲಿಲ್ಲ.
ಇದು ಕಂಡದ್ದು.
ಗೊತ್ತಿಲ್ಲ ಎಂದೆ.
ಮೂವತ್ತೊಂದು ಮುಖಗಳು ನನ್ನನ್ನು
ಹೊಸ ಮೇಷ್ಟರನ್ನು ನೋಡುವಂತೆ ನೋಡಿದವು.

ನನ್ನ ಪೆನ್ನು ಇನ್ನೂ ಆ ಬಿಸ್ಕತ್ತಿನ ಡಬ್ಬಿಯಲ್ಲೇ ಇದೆ.
ಮರೆತು ಬಂದದ್ದು, ಬೇರೆ ಅರ್ಥವೇನೂ ಇಲ್ಲ.
ಬಹುಶಃ.